ಸೊನೆ ತಾಗಿದ ಮೇಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೀಡುಬಿಟ್ಟಿದ್ದ ಪರದೇಶದ ಸೈನಿಕರಿಗೆ ಒಂದು ವಿಚಿತ್ರ ಚರ್ಮದ ಕಾಟ ಶುರುವಾಯಿತು. ಕತ್ತಿನ ಹಿಂದೆ, ಸೊಂಟದ ಹತ್ತಿರ ಸಣ್ಣ ಕೆಂಪು ದದ್ದು. ಅದರ ಮೇಲೆ ನೀರುಗುಳ್ಳೆ, ನಿದ್ದೆಗೆಡಿಸುವ ತುರಿಕೆ. ನೋಡಿದರೆ ಕಜ್ಜಿಯಲ್ಲ, ಹುಳುಕಡ್ಡಿಯೂ ಅಲ್ಲ. 1943ರ ಹೊತ್ತಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ಗುಟ್ಟು ಅಚ್ಚಾಯಿತು. ಒಗೆಯಲು ಕೊಟ್ಟ ಬಟ್ಟೆಗಳು ಅದಲುಬದಲಾಗದಂತೆ ನಮ್ಮ ಅಗಸರು ಕರಿಗೇರು ಬೀಜಕ್ಕೆ ಸೂಜಿ ಚುಚ್ಚಿ, ಅದರ ಸೊನೆಯಿಂದ ಕಾಲರಿನ ಒಳಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಮಾಸದ ಕಪ್ಪು ಶಾಯಿ ಅದು. ಗುರುತು ಮೈಗೆ ತಾಗುತ್ತಿದ್ದ ಜಾಗದಲ್ಲೇ ದದ್ದು ಏಳುತ್ತಿತ್ತು. ವೈದ್ಯರು ಅದಕ್ಕೆ ‘ದೋಬಿ ಮಾರ್ಕ್ ಡರ್ಮಟೈಟಿಸ್’ ಎಂದು ಹೆಸರಿಟ್ಟರು.

ಅಮೆರಿಕದಿಂದ ಬಂದವರಿಗೆ ಈ ಉರಿ ಹೊಸದೇನಲ್ಲ. ಅವರ ಊರಿನ ಕಾಡಂಚಿನಲ್ಲಿ, ಬೇಲಿಯಲ್ಲಿ, ಹಿತ್ತಲಿನಲ್ಲಿ ಪಾಯ್ಸನ್ ಐವಿ ಎಂಬ ಮೂರೆಲೆಯ ಬಳ್ಳಿ ಹಬ್ಬಿಕೊಂಡಿರುತ್ತದೆ. 17ನೇ ಶತಮಾನದ ಆರಂಭದಲ್ಲಿ ವರ್ಜೀನಿಯಾಕ್ಕೆ ಹೋದ ಇಂಗ್ಲಿಷ್ ನಾವಿಕ ಜಾನ್ ಸ್ಮಿತ್ ಆಗಲೇ ಅದರ ಕಾಟವನ್ನು ಬರೆದಿಟ್ಟಿದ್ದಾನೆ. ಪಶ್ಚಿಮ ಕರಾವಳಿಯಲ್ಲಿ ಪಾಯ್ಸನ್ ಓಕ್, ಜೌಗುನೆಲದಲ್ಲಿ ಪಾಯ್ಸನ್ ಸುಮ್ಯಾಕ್ ಇದರ ದಾಯಾದಿಗಳು. ಸಸ್ಯಶಾಸ್ತ್ರದಲ್ಲಿ ಈ ಮೂರೂ ನಮ್ಮ ಕರಿಗೇರು, ಗೋಡಂಬಿ, ಮಾವು, ಘಟ್ಟದ ಹೊಲಗೇರು ಇರುವ ಕುಟುಂಬಕ್ಕೇ ಸೇರಿವೆ. ಜಪಾನಿನಲ್ಲಿ ಮರದ ಪಾತ್ರೆಗಳಿಗೆ ಕನ್ನಡಿಯಂಥ ಮೆರುಗು ಕೊಡುವ ಅರಗು ಸುರಿಸುವ ಮರವೂ ಇದೇ ಕುಲದ್ದು. ಆ ಅರಗಿನಲ್ಲಿರುವ ಉರುಶಿಯಾಲ್ ಎಂಬ ಎಣ್ಣೆಯ ರಚನೆಯನ್ನು ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ರಿಕೋ ಮಜಿಮಾ ಎಂಬ ಜಪಾನಿ ರಸಾಯನ ವಿಜ್ಞಾನಿ ಬಿಡಿಸಿ ತೋರಿಸಿದ. ಒಂದು ಸಣ್ಣ ಉಂಗುರ, ಅದಕ್ಕೆ ಹದಿನೈದೋ ಹದಿನೇಳೋ ಇಂಗಾಲದ ಉದ್ದನೆಯ ಬಾಲ. ಬಾಲ ಕೊಬ್ಬಿನಂಥದ್ದಾದ್ದರಿಂದ ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ. ಒಳಗೆ ಹೋದ ಮೇಲೆ ಉಂಗುರ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕರಿಗೇರಿನ ಭಿಲವನಾಲ್, ಗೋಡಂಬಿ ಸಿಪ್ಪೆಯ ಕಾರ್ಡಾಲ್, ಮಾವಿನ ಸೊನೆಯ ರಿಸಾರ್ಸಿನಾಲ್‌ಗಳೆಲ್ಲ ಇದೇ ಮಾದರಿಯ ಸಣ್ಣಪುಟ್ಟ ಬದಲಾವಣೆಗಳು. ಹಾಗಾಗಿ ಒಂದಕ್ಕೆ ಒಗ್ಗದ ಮೈ ಇನ್ನೊಂದಕ್ಕೂ ಕೆರಳಬಹುದು.

1982ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ಬೇಸ್‌ಬಾಲ್ ಸಂಘವೊಂದು ಹಣ ಕೂಡಿಸಲು ಗೋಡಂಬಿ ಪೊಟ್ಟಣಗಳನ್ನು ಮಾರಿತ್ತು. ತಿಂದವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿಗೆ ಪಾಯ್ಸನ್ ಐವಿ ತಾಗಿದಂಥದ್ದೇ ದದ್ದು ಎದ್ದಿತು. ಮೊಜಾಂಬಿಕ್‌ನಿಂದ ಬಂದ ಆ ಬೀಜದ ಜೊತೆ ಸಿಪ್ಪೆಯ ಚೂರುಗಳು ಉಳಿದಿದ್ದವು.

ಇಷ್ಟು ಪೀಠಿಕೆ ಏಕೆಂದರೆ, ಗೇರು ಕುಲದ ದದ್ದಿಗೆ ಮದ್ದೇನು ಎಂಬ ಪ್ರಶ್ನೆಗೆ ಅಳೆದು ತೂಗಿದ ಉತ್ತರಗಳು ಬಹುಪಾಲು ಅಮೆರಿಕದಿಂದ, ಪಾಯ್ಸನ್ ಐವಿಯ ಮೇಲೆ ನಡೆದ ಪ್ರಯೋಗಗಳಿಂದ ಬಂದಿವೆ. ಹಾಗಿದ್ದರೂ ಅವು ಶಿರಸಿ, ಸಾಗರ, ಸುಳ್ಯದ ತೋಟದವರಿಗೂ ಸಲ್ಲುತ್ತವೆ. ಹೊಲಗೇರಿನ ಬುಡದಲ್ಲಿ ಸೊಪ್ಪು ಕಡಿದವನ ಮೈಯಲ್ಲಿ ನಡೆಯುವುದೂ ನ್ಯೂಜೆರ್ಸಿಯಲ್ಲಿ ಹಿತ್ತಲು ಸವರಿದ ಕನ್ನಡಿಗನ ಮೈಯಲ್ಲಿ ನಡೆಯುವುದೂ ಮೂಲದಲ್ಲಿ ಒಂದೇ. ವ್ಯತ್ಯಾಸವೆಂದರೆ ನ್ಯೂಜೆರ್ಸಿಯವನಿಗೆ ಆ ಬಳ್ಳಿಯ ಗುರುತೇ ಇರುವುದಿಲ್ಲ. ಒಂದು ಕಡ್ಡಿಗೆ ಮೂರು ಎಲೆ, ನಡುವಿನ ಎಲೆಗೆ ಮಾತ್ರ ಉದ್ದ ತೊಟ್ಟು. ಹಳೆಯ ಬಳ್ಳಿ ಮರ ಹತ್ತಿದ್ದರೆ ಕೂದಲು ಬೆಳೆದಂಥ ಬೇರು. ಹೊಲಗೇರನ್ನು ಗುರುತಿಸಬೇಕಾದರೆ ಕಾಂಡದ ಮೇಲೆ ಒಸರಿ ಒಣಗಿದ ಕಪ್ಪು ಗೆರೆಗಳನ್ನೂ ಎಲೆಯ ತೊಟ್ಟಿನಲ್ಲಿ ಜೋಡಿಯಾಗಿರುವ ಎಳೆಯಂಥ ಸಣ್ಣ ಮುಳ್ಳನ್ನೂ ನೋಡಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಇದು ವಿಷವಲ್ಲ, ಕನಿಷ್ಠ ಪಕ್ಷ ಹಾವಿನ ವಿಷದಂಥ ವಿಷವಲ್ಲ. ನಸುಗುನ್ನಿಯ ರೋಮವೋ ತುರಚೆ ಸೊಪ್ಪೋ ತಾಗಿದರೆ ಯಾರಿಗಾದರೂ ಆ ಕ್ಷಣಕ್ಕೇ ತುರಿಕೆ ಶುರು, ಕೆಲವು ಗಂಟೆಗಳಲ್ಲಿ ತಣ್ಣಗೆ. ಅಲ್ಲಿ ಗಿಡವೇ ಚುಚ್ಚುತ್ತದೆ. ಗೇರಿನ ಸೊನೆಯದು ಬೇರೆ ದಾರಿ. ಸೊನೆ ಅಂಟಿದ ಚರ್ಮವನ್ನು ಪರಕೀಯವೆಂದು ತಿಳಿದು ನಮ್ಮದೇ ರಕ್ಷಣಾ ಕಣಗಳು ಮೇಲೆ ಬೀಳುತ್ತವೆ. ದದ್ದು, ಗುಳ್ಳೆ, ನೀರು ಎಲ್ಲ ಆ ಕಾದಾಟದ ಫಲ. ಮೊದಲ ಬಾರಿ ತಾಗಿದಾಗ ಗುರುತು ಹಿಡಿಯಲು ಮೈಗೆ ಒಂದರಿಂದ ಮೂರು ವಾರ ಬೇಕು. ಒಮ್ಮೆ ಹಿಡಿದ ಮೇಲೆ ಮರೆಯುವುದಿಲ್ಲ. ಮುಂದಿನ ಸಲ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಮೈ ಸಿಡಿಯುತ್ತದೆ. ‘ಹತ್ತು ವರ್ಷದಿಂದ ಇದೇ ತೋಟದಲ್ಲಿ ಕೆಲಸ ಮಾಡ್ತಿದೀನಿ, ಏನೂ ಆಗಿರಲಿಲ್ಲ’ ಎನ್ನುವವರ ಮಾತು ಸುಳ್ಳಲ್ಲ, ಆದರೆ ಅದು ಮುಂದಿನ ವರ್ಷಕ್ಕೆ ಭರವಸೆಯೂ ಅಲ್ಲ.

ಈ ತಡವೇ ಎಲ್ಲ ಗೊಂದಲಕ್ಕೂ ಮೂಲ. ಸೋಮವಾರ ಸೊಪ್ಪು ಕಡಿದದ್ದು, ಬುಧವಾರ ಮುಂಗೈಯಲ್ಲಿ ಗುಳ್ಳೆ, ಶುಕ್ರವಾರ ಹೊಟ್ಟೆಯ ಮೇಲೆ, ಭಾನುವಾರ ತೊಡೆಯಲ್ಲಿ. ನೋಡುವವರಿಗೆ ಅದು ಹಬ್ಬುತ್ತಿದೆ ಎಂದೇ ಕಾಣುತ್ತದೆ. ಗುಳ್ಳೆ ಒಡೆದು ನೀರು ಹರಿದ ಕಡೆಯೆಲ್ಲ ಹೊಸ ಗುಳ್ಳೆ ಏಳುತ್ತದೆ ಎಂದು ಮಲೆನಾಡಿನ ಅಜ್ಜಿಯೂ ಹೇಳುತ್ತಾಳೆ, ಅಮೆರಿಕದ ಪಕ್ಕದ ಮನೆಯವನೂ ಹೇಳುತ್ತಾನೆ. ಇಬ್ಬರ ಮಾತೂ ಸರಿಯಲ್ಲ. ಗುಳ್ಳೆಯ ನೀರು ನಮ್ಮ ರಕ್ತದಿಂದಲೇ ಜಿನುಗಿದ ದ್ರವ, ಅದರಲ್ಲಿ ಸೊನೆ ಇರುವುದಿಲ್ಲ. ಹಾಸಿಗೆ ಹಂಚಿಕೊಂಡವರಿಗೂ ಮಗುವನ್ನು ಎತ್ತಿಕೊಂಡ ತಾಯಿಗೂ ಅದರಿಂದ ಅಂಟುವುದಿಲ್ಲ.

ಹಾಗಾದರೆ ದಿನಕ್ಕೊಂದು ಕಡೆ ಏಳುವುದು ಹೇಗೆ? ಒಂದು ಕಾರಣ ಸೊನೆಯ ಪ್ರಮಾಣ. ದಪ್ಪಗೆ ಮೆತ್ತಿದ ಕಡೆ ಬೇಗ ಏಳುತ್ತದೆ, ತೆಳ್ಳಗೆ ಸವರಿದ ಕಡೆ ನಿಧಾನವಾಗಿ. ಇನ್ನೊಂದು ಚರ್ಮದ ದಪ್ಪ. ಕಣ್ಣಿನ ರೆಪ್ಪೆ, ಕತ್ತು, ಗುಪ್ತಾಂಗದ ಚರ್ಮ ತೆಳು, ಅಂಗೈ ಒರಟು. ಸೊನೆ ಮುಟ್ಟಿದ ಅಂಗೈಗೆ ಏನೂ ಆಗದೆ, ಆ ಕೈಯಲ್ಲಿ ಮುಖ ಒರೆಸಿಕೊಂಡವನ ಕಣ್ಣು ಮುಚ್ಚಿಹೋಗುವಷ್ಟು ಊದುವುದು ಇದರಿಂದಲೇ. ಮೂರನೆಯದು, ಮತ್ತು ನಿಜಕ್ಕೂ ಜಾಗ್ರತೆ ಬೇಕಾದದ್ದು, ಮೈಯಿಂದಾಚೆ ಉಳಿದ ಸೊನೆ. ಉಗುರಿನ ಸಂದು, ಕತ್ತಿಯ ಹಿಡಿ, ಚಪ್ಪಲಿಯ ಪಟ್ಟಿ, ಕಾಡು ಸುತ್ತಿ ಬಂದ ನಾಯಿಯ ಕೂದಲು, ತಂತಿಗೆ ನೇತುಹಾಕಿದ ಒಗೆಯದ ಅಂಗಿ. ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮುದ್ದು ಮಾಡಿದವರಿಗೆ ಆಗುತ್ತದೆ. ಒಣಗಿದ ಜಾಗದಲ್ಲಿ ಈ ಎಣ್ಣೆ ವರ್ಷಗಟ್ಟಲೆ ಉಳಿಯಬಲ್ಲದು. ಮೂರನೇ ವಾರವೂ ಹೊಸ ಗುಳ್ಳೆ ಏಳುತ್ತಿದ್ದರೆ ಮುಲಾಮು ಬದಲಿಸುವ ಮೊದಲು ಕತ್ತಿಯ ಹಿಡಿಯನ್ನು ಸೋಪು ಹಾಕಿ ಉಜ್ಜುವುದು ಮೇಲು.

ಎಲೆ ಸವರಿಕೊಂಡು ಹೋದ ಕಡೆ ಗುಳ್ಳೆಗಳು ಸಾಲಾಗಿ, ಗೆರೆ ಎಳೆದಂತೆ ಏಳುವುದರಿಂದ ಇದನ್ನು ಸರ್ಪಸುತ್ತು ಎಂದುಕೊಂಡು ಕೆಮ್ಮಣ್ಣು ಹಚ್ಚಿಸಿಕೊಳ್ಳುವವರಿದ್ದಾರೆ. ಸರ್ಪಸುತ್ತು ಮೈಯ ಒಂದೇ ಮಗ್ಗುಲಿಗೆ ನಿಲ್ಲುತ್ತದೆ, ಸಾಮಾನ್ಯವಾಗಿ ಗುಳ್ಳೆಗಿಂತ ಮೊದಲು ನೋವು ಬರುತ್ತದೆ. ಗೇರಿನದು ಎರಡೂ ಮಗ್ಗುಲಿಗೆ ಹೋಗುತ್ತದೆ, ನೋವಿಗಿಂತ ತುರಿಕೆ ಹೆಚ್ಚು. ಇದನ್ನು ತಿಳಿದುಕೊಳ್ಳುವುದು ಮುಖ್ಯ, ಏಕೆಂದರೆ ಸರ್ಪಸುತ್ತಿಗೆ ವೈರಸ್ ಮದ್ದು ಬೇಗ ಶುರುವಾಗಬೇಕು.

ಇನ್ನು ಮದ್ದಿನ ಮಾತು. ಈ ಕಾಯಿಲೆಯ ಒಂದು ಗುಣ ಎಲ್ಲ ಚರ್ಚೆಯನ್ನೂ ಹಾಳುಮಾಡಿದೆ: ಅದು ತಾನಾಗಿಯೇ ಹೋಗುತ್ತದೆ. ಏನೂ ಮಾಡದೆ ಕೂತರೂ ಎರಡು ಮೂರು ವಾರದಲ್ಲಿ ಬಹುಪಾಲು ದದ್ದು ಇಳಿಯುತ್ತದೆ. ತುರಿಕೆ ತಾರಕಕ್ಕೇರಿದಾಗ ಮನುಷ್ಯ ಮದ್ದು ಹುಡುಕಿ ಹೋಗುತ್ತಾನೆ. ಅಲ್ಲಿಂದಾಚೆ ಇಳಿಯುವುದು ಹೇಗೂ ಇದ್ದದ್ದೇ. ಕೊನೆಯದಾಗಿ ಹಚ್ಚಿದ್ದು ಯಾವುದೋ ಅದಕ್ಕೆ ಕೀರ್ತಿ. ಅಮೆರಿಕದಲ್ಲಿ ಅಡುಗೆ ಸೋಡಾ, ವಿನೆಗರ್, ಬಾಳೆಹಣ್ಣಿನ ಸಿಪ್ಪೆ, ಬಟ್ಟೆ ಬಿಳುಪಿಸುವ ಬ್ಲೀಚ್ ತನಕ ಎಲ್ಲಕ್ಕೂ ಸಾಕ್ಷಿ ಹೇಳುವವರಿದ್ದಾರೆ. ಬ್ಲೀಚ್ ಹಚ್ಚಿದವರು ಗೇರಿನ ಗಾಯದ ಮೇಲೆ ಸುಟ್ಟಗಾಯವನ್ನೂ ಸಂಪಾದಿಸುತ್ತಾರೆ. ಹೀಗಾಗಿ ‘ನನಗೆ ಇದರಿಂದ ವಾಸಿಯಾಯಿತು’ ಎಂಬ ಮಾತಿಗೆ ಈ ಕಾಯಿಲೆಯಲ್ಲಿ ಬೆಲೆ ಕಡಿಮೆ. ಮದ್ದು ಹಚ್ಚಿದ ತೋಳನ್ನು ಹಚ್ಚದ ತೋಳಿನ ಜೊತೆ ಇಟ್ಟು ನೋಡಿದವರ ಮಾತಿಗೆ ಬೆಲೆ ಹೆಚ್ಚು.

ಹಾಗೆ ನೋಡಿದವರು ಕಂಡುಕೊಂಡದ್ದರಲ್ಲಿ ಮೊದಲನೆಯದು ನೀರು ಮತ್ತು ಸೋಪು. ಚರ್ಮತಜ್ಞರು ಸಾಮಾನ್ಯವಾಗಿ ಉದಾಹರಿಸುವ ಲೆಕ್ಕವೊಂದಿದೆ: ಹತ್ತು ನಿಮಿಷದಲ್ಲಿ ತೊಳೆದರೆ ಸುಮಾರು ಅರ್ಧದಷ್ಟು ಸೊನೆ ಹೋಗುತ್ತದೆ, ಕಾಲು ಗಂಟೆಯಾದರೆ ಕಾಲು ಭಾಗ, ಅರ್ಧ ಗಂಟೆಯಾದರೆ ಹತ್ತರಲ್ಲೊಂದು. ಒಂದು ಗಂಟೆಯ ಮೇಲೆ ಚರ್ಮದೊಳಗೆ ಇಳಿದದ್ದನ್ನು ತೆಗೆಯುವ ಆಸೆ ಬಿಡಬೇಕು. ಆದರೂ ತೊಳೆಯಲೇಬೇಕು, ಉಳಿದದ್ದು ಬೇರೆ ಕಡೆ ಹೋಗದಿರಲಿ ಎಂದು. ಯಾವುದರಿಂದ ತೊಳೆಯಬೇಕು ಎಂಬ ಪ್ರಶ್ನೆಗೆ 2000ದಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು ಚೆನ್ನಾಗಿ ಉತ್ತರ ಕೊಟ್ಟಿದೆ. ವೈದ್ಯಕೀಯ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ತೋಳಿಗೆ ಉರುಶಿಯಾಲ್ ಹಚ್ಚಿಸಿಕೊಂಡರು. ಇದಕ್ಕೆಂದೇ ಮಾರುವ ದುಬಾರಿ ದ್ರಾವಣ, ಮೆಕ್ಯಾನಿಕ್‌ಗಳು ಗ್ರೀಸ್ ತೆಗೆಯಲು ಬಳಸುವ ಕ್ರೀಮು, ಪಾತ್ರೆ ತೊಳೆಯುವ ಸೋಪು, ಮೂರನ್ನೂ ಪರೀಕ್ಷಿಸಿದರು. ರಕ್ಷಣೆ ಕ್ರಮವಾಗಿ ಸುಮಾರು ಶೇ. 70, 62 ಮತ್ತು 56. ಸಂಖ್ಯಾಶಾಸ್ತ್ರದ ಕಣ್ಣಿನಲ್ಲಿ ಈ ವ್ಯತ್ಯಾಸ ಗಣನೀಯವಲ್ಲ. ಬೆಲೆಯ ಅಂತರವಾದರೋ ಹತ್ತು ಪಟ್ಟಿಗೂ ಹೆಚ್ಚು. ಅಡುಗೆಮನೆಯ ಪಾತ್ರೆ ಸೋಪು, ಒಂದು ಒರಟು ಬಟ್ಟೆ, ಧಾರಾಳ ತಣ್ಣೀರು ಇದ್ದರೆ ಸಾಕು. ಉಜ್ಜುವುದನ್ನು ಮಾತ್ರ ಬಿಡಬಾರದು. ಎಣ್ಣೆಯ ತೆಳು ಪದರ ಕಣ್ಣಿಗೆ ಕಾಣುವುದಿಲ್ಲ, ನೀರು ಸುರಿದ ಮಾತ್ರಕ್ಕೆ ಹೋಗುವುದಿಲ್ಲ.

ಇಲ್ಲಿ ನಮ್ಮ ಕೊಬ್ಬರಿ ಎಣ್ಣೆಯ ಪ್ರಶ್ನೆ ಬರುತ್ತದೆ. ಗೋಡಂಬಿ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸುವ ಹೆಂಗಸರು ಕೆಲಸಕ್ಕೆ ಕೂರುವ ಮೊದಲು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಳ್ಳುವುದುಂಟು. ಅದು ಅನುಭವದ ಬುದ್ಧಿ: ಸಿಪ್ಪೆಯ ರಸ ಚರ್ಮಕ್ಕಿಂತ ಮೊದಲು ಆ ಪದರಕ್ಕೆ ಸಿಗುತ್ತದೆ, ಆಮೇಲೆ ಎರಡನ್ನೂ ಒಟ್ಟಿಗೆ ತೊಳೆಯಬಹುದು. ಸೊನೆ ತಾಗಿದ ಮೇಲೆ ಎಣ್ಣೆ ಹಚ್ಚಿ ಹಾಗೇ ಬಿಟ್ಟರೆ ಕತೆ ತಿರುವುಮುರುವು. ಎಣ್ಣೆಯಲ್ಲಿ ಸೊನೆ ಕರಗಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಹಚ್ಚಿದವರು ಕೂಡಲೇ ಬಟ್ಟೆಯಲ್ಲಿ ಒರೆಸಿ ಸೋಪು ಹಾಕಿದರೆ ಸರಿ. ಒಂದೇ ಮದ್ದು ಮೊದಲು ಹಚ್ಚಿದರೆ ರಕ್ಷಣೆ, ಆಮೇಲೆ ಹಚ್ಚಿ ಬಿಟ್ಟರೆ ಉಪದ್ರವ. ಈ ಕಾಯಿಲೆಯಲ್ಲಿ ಮದ್ದು ಯಾವುದು ಎನ್ನುವುದಕ್ಕಿಂತ ಯಾವ ಹೊತ್ತಿಗೆ ಎನ್ನುವುದೇ ಹೆಚ್ಚು ಮುಖ್ಯ ಎಂದು ನನಗೆ ಅನ್ನಿಸುವುದು ಇಂಥವನ್ನು ನೋಡಿಯೇ.

ಅಮೆರಿಕದ ಜನಪದ ಮದ್ದುಗಳಲ್ಲಿ ಜ್ಯೂವೆಲ್‌ವೀಡ್‌ಗೆ ದೊಡ್ಡ ಹೆಸರು. ನಮ್ಮ ಹಿತ್ತಲಿನ ಕರ್ಣಕುಂಡಲದ ಹತ್ತಿರದ ನೆಂಟ ಅದು. ಪಾಯ್ಸನ್ ಐವಿ ಬೆಳೆಯುವ ತಂಪು ಜಾಗದಲ್ಲೇ ಇದೂ ಬೆಳೆಯುತ್ತದಾದ್ದರಿಂದ ದೇವರು ರೋಗದ ಪಕ್ಕದಲ್ಲೇ ಮದ್ದಿಟ್ಟಿದ್ದಾನೆ ಎಂಬ ನಂಬಿಕೆ. 1990ರ ದಶಕದಲ್ಲಿ ಇದರ ಸಾರವನ್ನು ಪರೀಕ್ಷಿಸಿದವರಿಗೆ ಏನೂ ಪ್ರಯೋಜನ ಕಾಣಲಿಲ್ಲ. 2012ರಲ್ಲಿ ಇನ್ನೊಂದು ತಂಡ ಹಸಿ ಸೊಪ್ಪನ್ನೇ ಜಜ್ಜಿ ಹಚ್ಚಿದಾಗ ಸ್ವಲ್ಪ ಫಲ ಸಿಕ್ಕಿತು. ಆದರೆ ಸಾದಾ ಸೋಪು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆ ಸೊಪ್ಪಿನಲ್ಲಿ ಸೀಗೆಕಾಯಿಯಲ್ಲಿರುವಂಥ ನೊರೆ ಬರಿಸುವ ಸಪೋನಿನ್ ಇದೆ. ಅಂದರೆ ಜ್ಯೂವೆಲ್‌ವೀಡ್ ಫಲ ಕೊಟ್ಟಿದ್ದರೆ ಅದು ತೊಳೆಯುವ ಸೊಪ್ಪಾಗಿಯೇ ಕೊಟ್ಟಿರಬೇಕು. ಈ ಅಧ್ಯಯನವನ್ನು ಓದಿದಾಗ ನಮ್ಮ ಸೀಗೆ, ಅಂಟುವಾಳಗಳ ನೆನಪಾಗದೆ ಇರದು. ಕಾಡಿನಲ್ಲಿ ಸೋಪು ಇಲ್ಲದವನಿಗೆ ಅಂಟುವಾಳದ ನೊರೆ ಕೆಟ್ಟ ಆಯ್ಕೆಯಲ್ಲ.

ತಾರೆ ಮರದ ಕತೆ ಇನ್ನೂ ಸ್ವಾರಸ್ಯದ್ದು. ಕೇರಳದಲ್ಲಿ ಗೇರು ಕುಲದ ಚೇರು ಮರ ತಾಗಿ ಮೈ ಉರಿದವರು ತಾರೆ ಮರಕ್ಕೆ ಪ್ರದಕ್ಷಿಣೆ ಹಾಕಿ, ಚೇರು ಮಾಡಿದ್ದನ್ನು ನೀನು ಕ್ಷಮಿಸು ಎಂದು ಬೇಡಿಕೊಳ್ಳುವ ಪದ್ಧತಿಯಿದೆ. ತಾರೆಯ ತೊಗಟೆಯ ಕಷಾಯದಿಂದ ತೊಳೆಯುವುದೂ ಇದೆ. ಪ್ರದಕ್ಷಿಣೆ ಹಾಕಿ ಎರಡು ವಾರ ಕಳೆದರೆ ಫಲ ಖಚಿತ, ಕಾರಣ ಮೇಲೆ ಹೇಳಿದ್ದೇ. ಆದರೆ ಕಷಾಯವನ್ನು ಹಾಗೆ ತಳ್ಳಿಹಾಕಲಾರೆ. ತಾರೆಯಲ್ಲಿ ಒಗರು ಗುಣದ ಟ್ಯಾನಿನ್ ತುಂಬ ಇದೆ. ನೀರು ಸೋರುವ ಗುಳ್ಳೆಯನ್ನು ಒಣಗಿಸಲು ಚರ್ಮವೈದ್ಯರು ಬಳಸುವ ಅಲ್ಯೂಮಿನಿಯಂ ಅಸಿಟೇಟ್ ದ್ರಾವಣದ ಒದ್ದೆ ಪಟ್ಟಿಯೂ ಒಗರಿನ ಗುಣದಿಂದಲೇ ಕೆಲಸ ಮಾಡುವುದು. ಕ್ಯಾಲಮೈನ್, ತಣ್ಣೀರ ಪಟ್ಟಿ, ಓಟ್ಸ್ ಹಿಟ್ಟು ಕಲಸಿದ ಸ್ನಾನ, ತಣ್ಣನೆ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆ ಇವೆಲ್ಲ ತುರಿಕೆಯನ್ನು ಆ ಹೊತ್ತಿಗೆ ಸಹಿಸುವಂತೆ ಮಾಡುತ್ತವೆ, ಕಾಯಿಲೆಯ ದಿನಗಳನ್ನು ಕಡಿಮೆ ಮಾಡುವುದಿಲ್ಲ. ತುರಿಸಿ ತುರಿಸಿ ಕೀವಾಗುವುದನ್ನು ತಪ್ಪಿಸಿದರೂ ಅದು ಸಣ್ಣ ಉಪಕಾರವಲ್ಲ. ಸುಡುನೀರು ಸುರಿದುಕೊಳ್ಳುವವರಿದ್ದಾರೆ, ತುರಿಕೆ ಕೆಲವು ಗಂಟೆ ಮರಗಟ್ಟಿದಂತಾಗುತ್ತದೆ ಎಂದು. ಮೊದಲೇ ಕೆರಳಿದ ಚರ್ಮ ಅದರಿಂದ ಬೇಯುವ ಅಪಾಯವೇ ಹೆಚ್ಚು.

ಆಯುರ್ವೇದಕ್ಕೆ ಇಲ್ಲಿ ಪ್ರತ್ಯೇಕ ಸ್ಥಾನವಿದೆ, ಏಕೆಂದರೆ ಅದು ಭಲ್ಲಾತಕವನ್ನು, ಅಂದರೆ ಕರಿಗೇರನ್ನು, ಔಷಧವಾಗಿ ಕೊಡುವ ಪದ್ಧತಿ. ಹಾಗಾಗಿ ಅದರ ಉಪದ್ರವವನ್ನು ಹತ್ತಿರದಿಂದ ಕಂಡಿದೆ. ಬೀಜವನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ಎಣ್ಣೆ ಹೀರಿಸಿದ ಮೇಲೇ ಬಳಸಬೇಕೆಂಬ ಕಟ್ಟುಪಾಡು ಈ ಅನುಭವದ್ದೇ. ಸೊನೆಯನ್ನು ನೀರಿನಲ್ಲಿ ತೊಳೆಯುವ ಬದಲು ಮೊದಲು ಒಣ ಪುಡಿಗೆ ಹೀರಿಸಬೇಕು ಎಂಬ ಬುದ್ಧಿ ಅದರಲ್ಲಿದೆ. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಬೆಂಟೊಕ್ವಾಟಮ್ ಎಂಬ ಮುಂಜಾಗ್ರತೆಯ ಲೇಪವೂ ಜೇಡಿಮಣ್ಣಿನ ಜಾತಿಯದೇ. ಅದು ಚರ್ಮದ ಮೇಲೆ ಪದರವಾಗಿ ಕೂತು ಸೊನೆಯನ್ನು ಹಿಡಿಯುತ್ತಿತ್ತು. ಕೆಲಸ ಮಾಡುತ್ತಿದ್ದ ಸರಕು, ಆಮೇಲೆ ಅಂಗಡಿಯಿಂದ ಮಾಯವಾಯಿತು.

ವೈದ್ಯರ ಬಳಿ ಇರುವ ನಿಜವಾದ ಅಸ್ತ್ರ ಒಂದೇ, ಸ್ಟೆರಾಯ್ಡ್. ಅದರ ಬಳಕೆಯಲ್ಲೂ ಹೊತ್ತು ತಪ್ಪಿದರೆ ಪ್ರಯೋಜನವಿಲ್ಲ. ಚೀಟಿ ಇಲ್ಲದೆ ಅಮೆರಿಕದಲ್ಲಿ ಸಿಗುವ ಶೇ. 1ರ ಹೈಡ್ರೊಕಾರ್ಟಿಸೋನ್ ಈ ಉರಿಯ ಮುಂದೆ ತೀರಾ ದುರ್ಬಲ. ಕ್ಲೊಬೆಟಸಾಲ್‌ನಂಥ ಬಲವಾದ ಮುಲಾಮು ದದ್ದು ಕೆಂಪಗಿರುವಾಗಲೇ, ಗುಳ್ಳೆಯಾಗುವ ಮೊದಲೇ ಹಚ್ಚಿದರೆ ಉಪಯೋಗ. ಮುಖಕ್ಕೆ, ತೊಡೆಸಂದಿಗೆ ಅದು ಸಲ್ಲದು. ಗುಳ್ಳೆ ತುಂಬಿಕೊಂಡ ಮೇಲೆ ಹೊರಗಿನ ಮುಲಾಮು ಒಳಗೆ ಮುಟ್ಟುವುದು ಕಷ್ಟ. ಮುಖ ಊದಿಕೊಂಡಿದ್ದರೆ, ಗುಪ್ತಾಂಗಕ್ಕೆ ಬಂದಿದ್ದರೆ, ಮೈಯ ದೊಡ್ಡ ಭಾಗ ಆವರಿಸಿದ್ದರೆ ಮಾತ್ರೆಯೇ ಬೇಕು.

ಮಾತ್ರೆ ಕೊಡುವ ರೀತಿಯಲ್ಲಿ ತುಂಬ ತಪ್ಪುಗಳಾಗುತ್ತವೆ. ದಿನಕ್ಕೆ ಮೈತೂಕದ ಕಿಲೋಗೆ ಸುಮಾರು 1 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೋಲೋನ್ ಶುರುಮಾಡಿ, ಎರಡು ಮೂರು ವಾರಗಳಲ್ಲಿ ಇಳಿಸುತ್ತ ನಿಲ್ಲಿಸುವುದು ಚರ್ಮತಜ್ಞರ ಪದ್ಧತಿ. ಅಮೆರಿಕದಲ್ಲಿ ಅವಸರದ ಚಿಕಿತ್ಸಾಲಯಗಳು ಆರು ದಿನಕ್ಕೆ ಮುಗಿಯುವ ಸಿದ್ಧ ಪೊಟ್ಟಣವನ್ನು ಕೊಟ್ಟು ಕಳಿಸುತ್ತವೆ. ನಮ್ಮಲ್ಲಿ ಅದರ ಬದಲು ಒಂದು ಇಂಜೆಕ್ಷನ್, ಮೂರು ದಿನದ ಗುಳಿಗೆ. ಮೂರನೇ ದಿನ ಅದ್ಭುತ, ಎಂಟನೇ ದಿನ ಮೊದಲಿಗಿಂತ ಕೆಟ್ಟ ದದ್ದು. ಕಾದಾಟ ಮುಗಿಯುವ ಮೊದಲೇ ಮದ್ದು ನಿಂತದ್ದು ಕಾರಣ, ರೋಗಿ ಮಾತ್ರ ‘ಇಂಗ್ಲಿಷ್ ಮದ್ದು ತಡೀಲಿಲ್ಲ’ ಎಂದು ನಾಟಿ ವೈದ್ಯರ ಮನೆ ಹುಡುಕಿ ಹೊರಡುತ್ತಾನೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 49 ಜನ ತೀವ್ರ ಪಾಯ್ಸನ್ ಐವಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಐದು ದಿನ 40 ಮಿಲಿಗ್ರಾಂ ಪ್ರೆಡ್ನಿಸೋನ್. ಇನ್ನೊಂದಕ್ಕೆ ಅದೇ ಐದು ದಿನದ ಮೇಲೆ ಹತ್ತು ದಿನ ಇಳಿಸುತ್ತ ಹೋದರು. ಪೂರ್ತಿ ಗುಣವಾಗಲು ಹಿಡಿದ ದಿನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಐದೇ ದಿನದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆ ಬೇರೆ ಮದ್ದುಗಳ ಮೊರೆ ಹೋದರು, ಹದಿನೈದು ದಿನದ ಗುಂಪಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಸ್ಟೆರಾಯ್ಡ್ ಕೂಡ ಕಾಯಿಲೆಯ ಗಡಿಯಾರವನ್ನು ತೀರಾ ಮುಂದಕ್ಕೆ ಓಡಿಸುವುದಿಲ್ಲ. ಆ ದಿನಗಳನ್ನು ನೆಮ್ಮದಿಯಾಗಿ ಕಳೆಯಲು ಬಿಡುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ ಇದೂ ನಿರುಪದ್ರವಿಯಲ್ಲ. ರಕ್ತದ ಸಕ್ಕರೆ ಏರುತ್ತದೆ, ಹಾಗಾಗಿ ತಾವಾಗಿ ಅಂಗಡಿಯಿಂದ ತರುವ ಮಾತ್ರೆ ಇದಲ್ಲ.

ಅಲರ್ಜಿ ಎಂದ ಕೂಡಲೇ ಸೆಟ್ರಿಜಿನ್ ನುಂಗುವುದು ನಮ್ಮ ಅಭ್ಯಾಸ. ಈ ತುರಿಕೆ ಹಿಸ್ಟಮಿನ್‌ನಿಂದ ಬರುವುದಲ್ಲವಾದ್ದರಿಂದ ಅದರಿಂದ ಅಷ್ಟೇನೂ ಸಿಗದು. ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆ ರಾತ್ರಿ ತುರಿಸಿಕೊಳ್ಳುವುದನ್ನು ತಪ್ಪಿಸೀತು, ಅಷ್ಟೆ. ಅಲರ್ಜಿ ಮದ್ದಿನ ಮುಲಾಮು, ಮರಗಟ್ಟಿಸುವ ಬೆಂಜೊಕೇನ್, ನಿಯೋಮೈಸಿನ್ ಇರುವ ಮುಲಾಮು ಹಚ್ಚಿದರೆ ಅವುಗಳಿಗೇ ಹೊಸ ಅಲರ್ಜಿ ಹುಟ್ಟಬಹುದು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಇದಕ್ಕಿಂತ ದೊಡ್ಡ ಪಿಡುಗೊಂದಿದೆ: ಬಲವಾದ ಸ್ಟೆರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಬೆರೆಸಿದ ಟ್ಯೂಬು. ಯಾವ ದದ್ದಿಗೂ ಅದೇ. ಹುಳುಕಡ್ಡಿಯನ್ನು ಗುರುತು ಸಿಗದಂತೆ ಮಾಡಿ ಮೈಯೆಲ್ಲ ಹಬ್ಬಿಸಿದ ಕೀರ್ತಿ ಈ ಟ್ಯೂಬಿಗೆ ಸೇರಬೇಕು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಊರಿನ ಅಂಗಡಿಯ ಗಲ್ಲಾದ ಮುಂದೆ ಆ ಆದೇಶಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ಓದುಗರೇ ಬಲ್ಲರು.

ಮದ್ದಿಗಿಂತ ಮೊದಲೇ ಮೈಯನ್ನು ಒಗ್ಗಿಸಬಹುದಲ್ಲ ಎಂಬ ಆಸೆ ಹಳೆಯದು. ಎಳೆ ಎಲೆಯನ್ನು ತಿಂದರೆ ಮುಂದೆ ತಾಗುವುದಿಲ್ಲ ಎಂಬ ಅಮೆರಿಕನ್ ನಂಬಿಕೆಯನ್ನು ಪಾಲಿಸಿದವರ ಬಾಯಿ, ಕರುಳು, ಗುದದ್ವಾರದಲ್ಲಿ ಗುಳ್ಳೆ ಎದ್ದ ಉದಾಹರಣೆಗಳಿವೆ. ಗಿಡದ ಸಾರದ ಇಂಜೆಕ್ಷನ್, ಹನಿಗಳು ಬಂದು ಹೋದವು. ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಉರುಶಿಯಾಲ್ ಮಾದರಿಯ ಇಂಜೆಕ್ಷನ್ನೊಂದು ಮಾನವ ಪ್ರಯೋಗದ ಆರಂಭದ ಹಂತಕ್ಕೆ ಬಂದಿದೆ. ಅದು ಗೆದ್ದರೆ ಕಾಡಿನ ಕೆಲಸಗಾರರಿಗೆ ದೊಡ್ಡ ಉಪಕಾರ. ಈ ನಡುವೆ ಬಾಯಿಯ ಮೂಲಕ ಒಗ್ಗಿಸುವ ವಿಚಾರದಲ್ಲಿ ಏನೋ ಸತ್ಯವಿದೆ ಎಂದು ಅನ್ನಿಸುವ ಒಂದು ವರದಿ 2005ರಲ್ಲಿ ಇಸ್ರೇಲಿನಿಂದ ಬಂತು. ಅಲ್ಲಿ ಮಾವು ಕೊಯ್ಯಲು ಬಂದ ಅಮೆರಿಕದ ಯುವಕರಲ್ಲಿ ಅನೇಕರಿಗೆ ದದ್ದು ಎದ್ದಿತು. ಜೊತೆಗೆ ಕೊಯ್ದ ಇಸ್ರೇಲಿನವರಿಗೆ ಆಗಲಿಲ್ಲ. ಅಮೆರಿಕದವರು ಪಾಯ್ಸನ್ ಐವಿ, ಓಕ್ ಇರುವ ಊರುಗಳಿಂದ ಬಂದವರು, ಚರ್ಮಕ್ಕೆ ಮೊದಲು ತಾಗಿಸಿಕೊಂಡವರು. ಇಸ್ರೇಲಿನವರು ಚಿಕ್ಕಂದಿನಿಂದ ಮಾವು ತಿಂದವರು. ಮೊದಲ ಪರಿಚಯ ಚರ್ಮದಲ್ಲಾದರೆ ಹಗೆ, ಬಾಯಲ್ಲಾದರೆ ಸ್ನೇಹ ಎಂಬ ಊಹೆಗೆ ಇದು ಪುಷ್ಟಿ ಕೊಡುತ್ತದೆ. ಮಾವಿನ ಮಿಡಿಯ ಸೊನೆ ತುಟಿಗೆ ಮೆತ್ತಿಕೊಂಡೇ ಬೆಳೆದ ನಮ್ಮ ಹಳ್ಳಿಯ ಮಕ್ಕಳಿಗೆ ಇದರ ಲಾಭ ಸಿಕ್ಕಿರಲೂಬಹುದು. ಇದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ, ಏಕೆಂದರೆ ಮಾವಿನ ಸೊನೆಯಿಂದ ತುಟಿಯ ಸುತ್ತ ಹುಣ್ಣಾದವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಒಂದು ಸಂಗತಿ ಮಾತ್ರ ತುರ್ತಿನದು. ಈ ಗಿಡಗಳನ್ನು ಸುಡಬಾರದು. ಎಣ್ಣೆ ಹೊಗೆಯ ಕಣಗಳ ಮೇಲೆ ಕೂತು ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಹೋಗುತ್ತದೆ. ಚರ್ಮದಲ್ಲಿ ಗುಳ್ಳೆಯಾಗುವುದು ಶ್ವಾಸಕೋಶದಲ್ಲಾದರೆ ಜೀವಕ್ಕೇ ಸಂಚಕಾರ. ಕಾಡು ಸವರಿದ ಸೊಪ್ಪನ್ನು ಒಟ್ಟಿ ಬೆಂಕಿ ಕೊಡುವ ನಮ್ಮ ಅಭ್ಯಾಸಕ್ಕೆ ಹೊಲಗೇರಿನ ವಿಷಯದಲ್ಲಾದರೂ ತಡೆ ಬೇಕು. ಹೊಗೆ ಕುಡಿದ ಮೇಲೆ ಉಸಿರು ಕಟ್ಟಿದರೆ, ಕಣ್ಣು ಮುಚ್ಚಿಹೋದರೆ, ಜ್ವರ ಬಂದು ಗುಳ್ಳೆ ಕೀವಾದರೆ ಆಸ್ಪತ್ರೆಗೆ ಹೋಗಲೇಬೇಕು.

ಮನೆಮದ್ದಿನ ಕೀರ್ತಿ ಎಷ್ಟು ನಿಜ ಎಂಬುದಕ್ಕೆ ನಮ್ಮಲ್ಲೇ ಒಂದು ಪರೀಕ್ಷೆಯಿದೆ, ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಈಗ ಬಯಲುಸೀಮೆಯ ರಸ್ತೆಯಂಚು, ಖಾಲಿ ಸೈಟು, ಬೀಳು ಹೊಲವನ್ನೆಲ್ಲ ತುಂಬಿದೆ. ಇದು ಗೇರು ಕುಲದ್ದಲ್ಲ, ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಅದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಕೂಡ ಚರ್ಮವನ್ನು ಅದೇ ತಡವಾದ ದಾರಿಯಲ್ಲಿ ಕೆರಳಿಸುತ್ತದೆ, ಆದರೆ ಗಿಡವನ್ನು ಮುಟ್ಟಬೇಕಾಗಿಲ್ಲ. ಒಣಗಿದ ಎಲೆಯ, ರೋಮದ ಪುಡಿ ಗಾಳಿಯಲ್ಲಿ ಬರುತ್ತದೆ. ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಶುರುವಾದದ್ದು ವರ್ಷ ಕಳೆದಂತೆ ಬಿಸಿಲು ಬಿದ್ದ ಕಡೆಯೆಲ್ಲ ದಪ್ಪಗೆ, ಕಪ್ಪಗೆ, ಒರಟಾಗಿ ನಿಂತುಬಿಡುತ್ತದೆ. ನಡುವಯಸ್ಸಿನ ರೈತರಲ್ಲಿ ಹೆಚ್ಚು. ಇಲ್ಲಿ ಎರಡು ವಾರ ಕಾದರೆ ವಾಸಿಯಾಗುವ ಮಾತಿಲ್ಲ, ಏಕೆಂದರೆ ತಾಗುವುದು ನಿಲ್ಲುವುದೇ ಇಲ್ಲ. ಗೇರಿನ ದದ್ದಿಗೆ ರಾಮಬಾಣವೆನಿಸಿದ ಕಷಾಯ, ಲೇಪಗಳು ಇದರ ಮುಂದೆ ಸಪ್ಪೆ. ಸ್ಟೆರಾಯ್ಡನ್ನು ವರ್ಷಗಟ್ಟಲೆ ನುಂಗಿಸಲಾಗದು. ದೆಹಲಿಯ ಏಮ್ಸ್ ವೈದ್ಯರು ಅಜಥಯೋಪ್ರಿನ್ ಎಂಬ, ರಕ್ಷಣಾ ವ್ಯವಸ್ಥೆಯನ್ನೇ ತಗ್ಗಿಸುವ ಮಾತ್ರೆಯಿಂದ ಒಳ್ಳೆಯ ಫಲ ಪಡೆದರು. ಅದು ಈಗ ಇಂಥ ರೋಗಿಗಳಿಗೆ ಮುಖ್ಯ ಆಸರೆ, ಆಗಾಗ ರಕ್ತಪರೀಕ್ಷೆಯ ಕರಾರಿನೊಡನೆ.

1984ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಮೆಕ್ಸಿಕೊದಿಂದ ತಂದ ಜೈಗೊಗ್ರಾಮ ಎಂಬ ಜೀರುಂಡೆಯನ್ನು ಬಿಟ್ಟರು. ಮಳೆಗಾಲದಲ್ಲಿ ಅದು ಕಾಂಗ್ರೆಸ್ ಗಿಡದ ಎಲೆಯನ್ನು ಬೋಳಿಸುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಹಾಗಾಗಿ ಕೈಯಿಂದ ಕೀಳುವ ಕೆಲಸ ತಪ್ಪಿಲ್ಲ. ಆ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಶ್ರಮದಾನದ ಹೆಸರಿನಲ್ಲಿ ಬರಿಗೈಯಲ್ಲಿ ಇಳಿಸುವುದು ಇನ್ನೂ ನಡೆದಿದೆ. ಕೀಳಬೇಕಾದದ್ದು ಹೂ ಬಿಡುವ ಮೊದಲು, ಮಳೆಯಿಂದ ನೆಲ ಹಸಿಯಿರುವಾಗ, ತುಂಬುತೋಳಿನ ಅಂಗಿ ಮತ್ತು ಕೈಗವಸು ಹಾಕಿಕೊಂಡು, ದೊಡ್ಡವರು. ಗೇರಿನ ಸೊನೆಯ ಕೆಲಸಕ್ಕಾದರೆ ಆಸ್ಪತ್ರೆಯ ತೆಳು ಲೇಟೆಕ್ಸ್ ಗವಸು ಸಾಲದು, ಎಣ್ಣೆ ಅದರೊಳಗಿಂದ ತೂರಿ ಬರುತ್ತದೆ. ದಪ್ಪ ವಿನೈಲ್ ಗವಸು ಬೇಕು. ಗೋಡಂಬಿ ಕಾರ್ಖಾನೆಯ ಮಾಲೀಕರಿಗೆ ಅದು ದೊಡ್ಡ ಖರ್ಚೇನಲ್ಲ. ಸಿಪ್ಪೆ ಬಿಡಿಸುವವರ ಕೈಬೆರಳಿನ ಚುರುಕು ಗವಸಿನಲ್ಲಿ ಕಡಿಮೆಯಾಗುತ್ತದೆ, ಕಿಲೋ ಲೆಕ್ಕದ ಕೂಲಿಯೂ ಅದರ ಜೊತೆಗೆ. ಗವಸು ಕೊಟ್ಟು ಕೂಲಿಯ ಲೆಕ್ಕ ಬದಲಿಸದಿದ್ದರೆ ಅವರು ಅದನ್ನು ಪಕ್ಕಕ್ಕಿಟ್ಟು ಮತ್ತೆ ಎಣ್ಣೆ, ಬೂದಿಗೇ ಕೈ ಹಾಕುತ್ತಾರೆ.